ಅಂಗಡಿಯ ಹೆಸರು, ಪರವಾನಗಿ, ಬೋರ್ಡು: ಉತ್ತರ ಕನ್ನಡದಲ್ಲಿ ಯಾವುದು ಮೊದಲು, ಯಾವುದು ಆಮೇಲೆ

ಕಾರವಾರದಲ್ಲಿರಲಿ, ಕುಮಟಾದಲ್ಲಿರಲಿ, ಘಟ್ಟ ಹತ್ತಿ ಶಿರಸಿಗೆ ಹೋಗಲಿ, ಹೊಸದಾಗಿ ಅಂಗಡಿ ತೆರೆಯುವವರು ಎಡವುವ ಜಾಗ ಒಂದೇ. ಮೊದಲು ಬೋರ್ಡು ಬರೆಸುತ್ತಾರೆ, ಉದ್ಘಾಟನೆಗೆ ಮುಹೂರ್ತ ಇಡಿಸುತ್ತಾರೆ, ಬಿಲ್ ಪುಸ್ತಕ ಮುದ್ರಿಸುತ್ತಾರೆ. ಇಷ್ಟೆಲ್ಲ ಆದ ಮೇಲೆ ಕಾಗದ ಹಿಡಿದು ಕಚೇರಿಗೆ ಹೋಗುತ್ತಾರೆ. ಅಲ್ಲಿ ಕಟ್ಟಡದ ಖಾತೆ ಅಜ್ಜನ ಹೆಸರಿನಲ್ಲಿರುತ್ತದೆ, ಅರ್ಜಿಯಲ್ಲಿ ಒಂದು ಹೆಸರು, ಬೋರ್ಡಿನಲ್ಲಿ ಇನ್ನೊಂದು. ಬ್ಯಾಂಕಿನವರು ಎರಡನ್ನೂ ನೋಡಿ ಕಾಗದ ಹಿಂದಕ್ಕೆ ಕೊಡುತ್ತಾರೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಒಬ್ಬರೇ ನಡೆಸುವ ಅಂಗಡಿಯ ಹೆಸರನ್ನು ಮಾತ್ರ ಪ್ರತ್ಯೇಕವಾಗಿ ನೋಂದಾಯಿಸಿ ಕಾದಿಡುವ ವ್ಯವಸ್ಥೆ ನಗರಸಭೆಯಲ್ಲೂ ಇಲ್ಲ, ಪಂಚಾಯಿತಿಯಲ್ಲೂ ಇಲ್ಲ. ಸ್ಥಳೀಯ ಸಂಸ್ಥೆ ಕೊಡುವುದು ಉದ್ದಿಮೆ ಪರವಾನಗಿ. ಜನರ ಬಾಯಲ್ಲಿ ಅದು ಟ್ರೇಡ್ ಲೈಸೆನ್ಸ್. ಇಂಥ ವ್ಯಕ್ತಿ, ಇಂಥ ಕಟ್ಟಡದಲ್ಲಿ, ಇಂಥ ವ್ಯಾಪಾರ ಮಾಡಬಹುದು ಎಂಬುದಷ್ಟೇ ಅದರ ತಾತ್ಪರ್ಯ. ಅಂಗಡಿಯ ಹೆಸರು ಆ ಕಾಗದದಲ್ಲಿ ದಾಖಲಾಗುತ್ತದೆ, ಆದರೆ ಅದರ ಮೇಲೆ ನಿಮಗೆ ಏಕಸ್ವಾಮ್ಯ ಬರುವುದಿಲ್ಲ. ಹಾಗಾಗಿ ಒಂದೇ ಹೆಸರನ್ನು ಒಂದೇ ಕಾಗುಣಿತದಲ್ಲಿ ಹಿಡಿದು, ಸರಿಯಾದ ಕ್ರಮದಲ್ಲಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ದಾಟಿಸುವುದೇ ಇಲ್ಲಿ ಆಗಬೇಕಾದ ಕೆಲಸ.

## ಹಂತ 1: ನಿಮ್ಮ ಕಚೇರಿ ಯಾವುದೆಂದು ಖಚಿತಪಡಿಸಿಕೊಳ್ಳಿ

ಕಾರವಾರ, ಶಿರಸಿ, ದಾಂಡೇಲಿಗಳಲ್ಲಿ ನಗರಸಭೆ ಇದೆ. ಕುಮಟಾ, ಅಂಕೋಲಾ, ಹಳಿಯಾಳಗಳಲ್ಲಿ ಪುರಸಭೆ. ಹೊನ್ನಾವರ, ಯಲ್ಲಾಪುರ, ಸಿದ್ದಾಪುರ, ಮುಂಡಗೋಡಗಳಲ್ಲಿ ಪಟ್ಟಣ ಪಂಚಾಯಿತಿ. ಈ ಮೂರೂ ಬಗೆಯ ಸಂಸ್ಥೆಗಳು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಡಿ ನಡೆಯುತ್ತವೆ. ಇಂಥ ಪಟ್ಟಣ ಸಂಸ್ಥೆಗಳ ಹೊರಗಿನದೆಲ್ಲ ಗ್ರಾಮ ಪಂಚಾಯಿತಿಗೆ ಸೇರಿದ್ದು. ಅಲ್ಲಿ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ಅನ್ವಯಿಸುತ್ತದೆ.

ಅಂಚೆ ವಿಳಾಸವನ್ನು ನಂಬಿ ಕಚೇರಿ ಹುಡುಕಬೇಡಿ. ಕಾಳಿ ಸೇತುವೆಯ ಆಚೆ ಸದಾಶಿವಗಡದಲ್ಲಿ ಅಂಗಡಿ ಇಟ್ಟವರು ವಿಳಾಸದಲ್ಲಿ ಕಾರವಾರ ಎಂದೇ ಬರೆಯುತ್ತಾರೆ, ಆದರೆ ಅದು ಚಿತ್ತಾಕುಲ ಗ್ರಾಮ ಪಂಚಾಯಿತಿಯ ಸೀಮೆ. ಶಿರಸಿಯ ಹೊರವಲಯದಲ್ಲೂ ರಸ್ತೆಯ ಈ ಬದಿ ನಗರಸಭೆ, ಆ ಬದಿ ಪಂಚಾಯಿತಿ ಎನ್ನುವಂಥ ಜಾಗಗಳಿವೆ. ಕಟ್ಟಡದ ಕಳೆದ ವರ್ಷದ ತೆರಿಗೆ ರಸೀದಿ ನೋಡಿ. ಅದನ್ನು ಕೊಟ್ಟ ಸಂಸ್ಥೆಯೇ ಪರವಾನಗಿಯನ್ನೂ ಕೊಡಬೇಕು.

ತಳ್ಳುಗಾಡಿ, ರಸ್ತೆ ಬದಿಯ ಗೂಡಂಗಡಿ, ಬುಟ್ಟಿ ಇಟ್ಟು ಮೀನು ಮಾರುವುದು, ಇವು ಈ ದಾರಿಯಲ್ಲಿ ಬರುವುದಿಲ್ಲ. ಅವುಗಳಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಗುರುತಿನ ಚೀಟಿ ಮತ್ತು ವ್ಯಾಪಾರ ಪ್ರಮಾಣಪತ್ರ ಪಡೆಯಬೇಕು. ಮಾರಿಕಾಂಬಾ ಜಾತ್ರೆಯಲ್ಲಿ ಹಾಕುವ ತಾತ್ಕಾಲಿಕ ಅಂಗಡಿಗೂ ನಿಮ್ಮ ಪೇಟೆಯ ಪರವಾನಗಿ ನಡೆಯುವುದಿಲ್ಲ; ಅದರ ಏರ್ಪಾಡು ಬೇರೆಯದೇ.

## ಹಂತ 2: ಹೆಸರನ್ನು ಕಾಗದದ ಮೇಲೆ ಕಟ್ಟಿಹಾಕಿ

ಒಂದು ಹಾಳೆ ತೆಗೆದುಕೊಂಡು ಅಂಗಡಿಯ ಹೆಸರನ್ನು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರಗಳಲ್ಲಿ ಒಮ್ಮೆ ಬರೆಯಿರಿ. ಮುಂದೆ ಪ್ರತಿ ಅರ್ಜಿಯಲ್ಲೂ ಇದನ್ನೇ ನೋಡಿ ಬರೆಯಬೇಕು, ನೆನಪಿನಿಂದ ಬರೆಯಬಾರದು. ಅತಿಯಾಯಿತು ಎನ್ನಿಸಬಹುದು. ಆದರೆ ‘ಶ್ರೀ’ ಎಂಬ ಒಂದಕ್ಷರವನ್ನು ಇಂಗ್ಲಿಷಿನಲ್ಲಿ ಒಬ್ಬರು ಎಸ್-ಆರ್-ಐ ಎಂದು, ಇನ್ನೊಬ್ಬರು ಎಸ್-ಎಚ್-ಆರ್-ಐ ಎಂದು, ಮತ್ತೊಬ್ಬರು ಕೊನೆಯಲ್ಲಿ ಎರಡು ಇ ಹಾಕಿ ಬರೆಯುತ್ತಾರೆ. ‘ಟ್ರೇಡರ್ಸ್’ ಒಂದು ಕಡೆ, ‘ಟ್ರೇಡಿಂಗ್’ ಇನ್ನೊಂದು ಕಡೆ. ‘ಮತ್ತು ಮಕ್ಕಳು’ ಪರವಾನಗಿಯಲ್ಲಿರುತ್ತದೆ, ಬೋರ್ಡಿನಲ್ಲಿ ಇರುವುದಿಲ್ಲ. ಅರ್ಜಿ ಬರೆಯುವಾಗ ಇವು ಸಣ್ಣ ವ್ಯತ್ಯಾಸಗಳು. ಚಾಲ್ತಿ ಖಾತೆ ತೆರೆಯುವ ದಿನ ಇವೇ ಅಡ್ಡ ನಿಲ್ಲುತ್ತವೆ.

ಆಮೇಲೆ ಹೆಸರು ಎಷ್ಟು ವಿಶಿಷ್ಟ ಎಂದು ನೋಡಿ. ಶಿರಸಿಯಲ್ಲಿ ಮಾರಿಕಾಂಬಾ, ಗೋಕರ್ಣದಲ್ಲಿ ಮಹಾಬಲೇಶ್ವರ, ಹೊನ್ನಾವರದ ಕಡೆ ಮಹಾಗಣಪತಿ. ದೇವರ ಹೆಸರಿಡುವುದಕ್ಕೆ ಯಾರ ಆಕ್ಷೇಪವೂ ಇಲ್ಲ, ಆದರೆ ನಾಳೆ ಪಕ್ಕದ ಬೀದಿಯಲ್ಲಿ ಇನ್ನೊಬ್ಬರು ಅದೇ ಹೆಸರಿಟ್ಟರೆ ನೀವು ಹೇಳುವಂಥದ್ದು ಹೆಚ್ಚೇನೂ ಇರುವುದಿಲ್ಲ. ದೇವರ ಹೆಸರಿನ ಜೊತೆ ನಿಮ್ಮದೇ ಆದ ಒಂದು ಪದ ಇರಲಿ: ಮನೆತನದ್ದು, ಕೇರಿಯದ್ದು, ಯಾವುದಾದರೂ ಆದೀತು.

ಮಾಲಿನ ಮೇಲೆ ಹೆಸರು ಮುದ್ರಿಸಿ ಜಿಲ್ಲೆಯ ಹೊರಗೆ ಮಾರುವ ಯೋಚನೆ ಇದ್ದರೆ (ಉಪ್ಪಿನಕಾಯಿ, ಜೋನಿ ಬೆಲ್ಲ, ಹಪ್ಪಳ, ಕೋಕಂ) ಟ್ರೇಡ್‌ಮಾರ್ಕ್ ನೋಂದಣಿಯ ಸಾರ್ವಜನಿಕ ಜಾಲತಾಣದಲ್ಲಿ ಹುಡುಕಿ ನೋಡಿ. ಹುಡುಕಾಟಕ್ಕೆ ಹಣ ಕೊಡಬೇಕಿಲ್ಲ. ಹೆಸರಿಗೆ ನಿಜವಾದ ರಕ್ಷಣೆ ಬೇಕೆಂದರೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ಅರ್ಜಿ ಹಾಕಬೇಕು. ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ನೋಂದಣಿ 10 ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು. ಊರಿನ ಕಿರಾಣಿ ಅಂಗಡಿಗೆ ಈ ಖರ್ಚು ಬೇಡ ಎನ್ನುವುದು ನನ್ನ ಅಭಿಪ್ರಾಯ.

ಮುಟ್ಟಬಾರದ ಪದಗಳೂ ಇವೆ. ಕಂಪನಿ ಸ್ಥಾಪಿಸದೆ ‘ಲಿಮಿಟೆಡ್’ ಎಂದು, ಸಹಕಾರ ಸಂಘವಾಗಿ ನೋಂದಾಯಿಸದೆ ‘ಸಹಕಾರಿ’ ಎಂದು ಹಾಕಿಕೊಳ್ಳುವಂತಿಲ್ಲ. ಸರ್ಕಾರದ್ದೇ ಸಂಸ್ಥೆ ಎಂಬ ಭಾವನೆ ಬರುವಂಥ ಹೆಸರು, ಲಾಂಛನ ಬಳಸಿದರೆ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ಅಡ್ಡ ಬರುತ್ತದೆ. ನಮ್ಮ ಜಿಲ್ಲೆಯವರು ಇನ್ನೊಂದನ್ನೂ ಗಮನಿಸಬೇಕು. ‘ಶಿರಸಿ ಸುಪಾರಿ’ಗೆ 2019ರಲ್ಲಿ, ಅಂಕೋಲೆಯ ‘ಕರಿ ಇಶಾಡು’ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು (ಆ ಪ್ರದೇಶದ ಉತ್ಪನ್ನಕ್ಕಷ್ಟೇ ಸಲ್ಲುವ ಹೆಸರು) ಸಿಕ್ಕಿದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಅವನ್ನು ನಿಮ್ಮ ಮಾಲಿನ ಹೆಸರಾಗಿ ಬಳಸಿದರೆ ತಕರಾರು ಬರುತ್ತದೆ.

ಇಬ್ಬರು ಮೂವರು ಸೇರಿ ಪಾಲುದಾರಿಕೆಯಲ್ಲಿ ನಡೆಸುವುದಾದರೆ ಈ ಹಂತದಲ್ಲೇ ಪಾಲುದಾರಿಕೆ ಪತ್ರ ಬರೆಸಿ, ಸಂಸ್ಥೆಯ ಹೆಸರಿನಲ್ಲಿ ಪ್ಯಾನ್ ಮಾಡಿಸಿ. 1932ರ ಪಾಲುದಾರಿಕೆ ಕಾಯ್ದೆಯಡಿ ಜಿಲ್ಲಾ ನೋಂದಣಾಧಿಕಾರಿಯಲ್ಲಿ ಸಂಸ್ಥೆಯನ್ನು ನೋಂದಾಯಿಸುವುದು ಕಡ್ಡಾಯವಲ್ಲ. ಆದರೆ ನೋಂದಾಯಿಸದ ಸಂಸ್ಥೆ ವ್ಯಾಪಾರದ ಒಪ್ಪಂದದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾರದು. ಉದ್ರಿ ವ್ಯಾಪಾರ ಇರುವವರು ಇದನ್ನು ಬಿಡಬಾರದು.

## ಹಂತ 3: ಕಟ್ಟಡದ ಕಾಗದ — ಹೆಚ್ಚಿನ ಅರ್ಜಿಗಳು ಕೆಡುವುದು ಇಲ್ಲಿಯೇ

ಬೇಕಾದ್ದು ಆಸ್ತಿಯ ಗಣಕೀಕೃತ ದಾಖಲೆ: ಪಟ್ಟಣದಲ್ಲಾದರೆ ಇ-ಆಸ್ತಿಯ ನಮೂನೆ-3, ಗ್ರಾಮ ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಜೊತೆಗೆ ಚಾಲ್ತಿ ವರ್ಷದ ತೆರಿಗೆ ರಸೀದಿ. ಕಟ್ಟಡ ಸ್ವಂತದ್ದಾದರೆ ಇಷ್ಟು. ಬಾಡಿಗೆಯದ್ದಾದರೆ ಛಾಪಾ ಕಾಗದದ ಮೇಲೆ ಬಾಡಿಗೆ ಕರಾರು ಮತ್ತು ಮಾಲೀಕರ ಒಪ್ಪಿಗೆ ಪತ್ರ ಬೇಕು. ಕರಾರಿನಲ್ಲಿ ‘ಅಂಗಡಿಗಾಗಿ’ ಎಂದು ಬರೆದರೆ ಸಾಲದು. ಯಾವ ವ್ಯಾಪಾರ, ಯಾವ ಹೆಸರಿನ ಅಂಗಡಿ, ಕಟ್ಟಡದ ಆಸ್ತಿ ಸಂಖ್ಯೆ ಎಷ್ಟು ಎಂಬುದು ಸ್ಪಷ್ಟವಾಗಿರಲಿ. ಹನ್ನೊಂದು ತಿಂಗಳ ಕರಾರು ಮಾಡಿಕೊಂಡಿದ್ದರೆ ಅದು ಮುಗಿಯುವ ದಿನಾಂಕವನ್ನು ಗುರುತು ಹಾಕಿಡಿ. ಪರವಾನಗಿ ನವೀಕರಣದ ಹೊತ್ತಿಗೆ ಕರಾರು ಸತ್ತುಹೋಗಿರುವುದು ಮಾಮೂಲಿ ಸಂಗತಿ.

ಇನ್ನು ಬಿಡಿಸಲು ಕಷ್ಟವಾದ ಗಂಟುಗಳು.

ಖಾತೆ ತೀರಿಕೊಂಡ ಅಜ್ಜನ ಹೆಸರಿನಲ್ಲಿರುವುದು ಮೊದಲನೆಯದು. ರಸ್ತೆಗೆ ಮುಖ ಮಾಡಿದ ಮನೆಯ ಜಗಲಿಯನ್ನೇ ಅಂಗಡಿ ಮಾಡಿದ ಕುಟುಂಬಗಳಲ್ಲಿ ಇದು ಸಾಮಾನ್ಯ. ಕರಾರಿಗೆ ಸಹಿ ಹಾಕುವವರು ಒಬ್ಬ ಮಗ, ಹಕ್ಕಿರುವವರು ಆರು ಜನ. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಮೊದಲು ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ. ಅದಕ್ಕೆ ಸಮಯ ಹಿಡಿಯುತ್ತದೆ ಎಂದಾದರೆ ಉಳಿದ ವಾರಸುದಾರರೆಲ್ಲರ ಲಿಖಿತ ಒಪ್ಪಿಗೆಯನ್ನಾದರೂ ಅರ್ಜಿಗೆ ಸೇರಿಸಿ. ಮುಂಬೈಯಲ್ಲಿರುವ ಚಿಕ್ಕಪ್ಪ ‘ಆಗಲಿ ಮಾರಾಯ, ಶುರು ಮಾಡು’ ಎಂದು ಫೋನಿನಲ್ಲಿ ಹೇಳಿದ್ದನ್ನು ಯಾವ ಕಚೇರಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡನೆಯದು ಜಾಗದ ಮೂಲ. ನಮ್ಮ ಜಿಲ್ಲೆಯಲ್ಲಿ ಅರಣ್ಯ ಅತಿಕ್ರಮಣದ ಜಾಗದಲ್ಲಿ ತಲೆಮಾರುಗಳಿಂದ ಬದುಕುತ್ತಿರುವವರು ಬಹಳ. ಮನೆಗೆ ವಿದ್ಯುತ್ ಇರುತ್ತದೆ, ಮನೆ ನಂಬರೂ ಇರುತ್ತದೆ, ಇ-ಸ್ವತ್ತು ಮಾತ್ರ ಬರುವುದಿಲ್ಲ. ಘಟ್ಟದ ಮೇಲೆ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನಲ್ಲಿ) ಶೆಡ್ಡು ಹಾಕಿದವರ ಪಾಡೂ ಇಷ್ಟೇ: ಬೆಟ್ಟದ ಮೇಲಿರುವುದು ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತೇ ಹೊರತು ಅಂಗಡಿ ಕಟ್ಟುವ ಹಕ್ಕಲ್ಲ. ಕರಾವಳಿಯಲ್ಲಿ ಸಮುದ್ರ ಅಥವಾ ಅಳಿವೆಯ ಅಂಚಿನ ಕಟ್ಟಡವಾದರೆ ಕರಾವಳಿ ನಿಯಂತ್ರಣ ವಲಯದ ಪ್ರಶ್ನೆ ಏಳುತ್ತದೆ. ಇಂಥ ಜಾಗ ನಿಮ್ಮದಾಗಿದ್ದರೆ ಒಳಾಂಗಣಕ್ಕೆ ಒಂದು ಪೈಸೆ ಸುರಿಯುವ ಮುನ್ನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನೋ ಮುಖ್ಯಾಧಿಕಾರಿಯನ್ನೋ ಕಂಡು, ಈ ಆಸ್ತಿ ಸಂಖ್ಯೆಗೆ ಪರವಾನಗಿ ಸಾಧ್ಯವೇ ಎಂದು ಲಿಖಿತವಾಗಿ ಕೇಳಿ. ಬಾಯಿಮಾತಿನ ‘ನೋಡೋಣ’ವನ್ನು ನಂಬಿ ಫ್ರಿಜ್ಜು ಖರೀದಿಸಬೇಡಿ.

ಮೂರನೆಯದು ನಗರಸಭೆ, ಪುರಸಭೆಗಳ ಸ್ವಂತ ಮಳಿಗೆಗಳು. ಹರಾಜಿನಲ್ಲಿ ಹಿಡಿದವರು ಒಬ್ಬರು, ಒಳಗೆ ಕೂತು ವ್ಯಾಪಾರ ಮಾಡುವವರು ಇನ್ನೊಬ್ಬರು. ಒಳಬಾಡಿಗೆಯ ಮೇಲೆ ನಿಮ್ಮ ಹೆಸರಿಗೆ ಪರವಾನಗಿ ಸಿಗುತ್ತದೆಂದು ಮುಂಗಡ ಕೊಡಬೇಡಿ.

ಹೆದ್ದಾರಿ 66ರ ಅಂಚಿನವರಿಗೆ ಇನ್ನೊಂದು ಮಾತು: ಅಗಲೀಕರಣವಾದ ಮೇಲೆ ಕಟ್ಟಡದ ಎಷ್ಟು ಭಾಗ ನಿಮ್ಮದಾಗಿ ಉಳಿದಿದೆ ಎಂದು ನೋಡಿಕೊಂಡು ಅರ್ಜಿಯಲ್ಲಿ ಅಳತೆ ಬರೆಯಿರಿ. ಹಳೆಯ ದಾಖಲೆಯ ಚದರ ಅಡಿಯನ್ನೇ ನಕಲು ಮಾಡಿದರೆ ಸ್ಥಳ ಪರಿಶೀಲನೆಯ ದಿನ ಸಿಕ್ಕಿಬೀಳುತ್ತೀರಿ.

ತೆರಿಗೆ, ನೀರಿನ ಕರ ಬಾಕಿ ಇದ್ದರೆ ಈಗಲೇ ತುಂಬಿಸಿ. ಬಾಕಿ ಮಾಲೀಕರದ್ದಾದರೂ ನಿಲ್ಲುವುದು ನಿಮ್ಮ ಅರ್ಜಿ.

## ಹಂತ 4: ಅರ್ಜಿ

ಕೈಯಲ್ಲಿರಬೇಕಾದ್ದು: ಆಧಾರ್, ಪ್ಯಾನ್, ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ, ಭಾವಚಿತ್ರ, ಕಟ್ಟಡದ ಕಾಗದಗಳು, ಅಂಗಡಿಯ ಒಳಗಿನ ಮತ್ತು ಹೊರಗಿನ ಫೋಟೊ, ಹೆಸ್ಕಾಂ ವಿದ್ಯುತ್ ಬಿಲ್ಲು. ಬಿಲ್ಲಿನ ಆರ್.ಆರ್. ಸಂಖ್ಯೆ (ವಿದ್ಯುತ್ ಸಂಪರ್ಕದ ಸಂಖ್ಯೆ) ಇದೇ ಕಟ್ಟಡದ್ದೇ ಎಂದು ನೋಡಿಕೊಳ್ಳಿ. ಮನೆಬಳಕೆಯ ಸಂಪರ್ಕದಲ್ಲಿ ಅಂಗಡಿ ನಡೆಸುವಂತಿಲ್ಲ, ವಾಣಿಜ್ಯ ದರಕ್ಕೆ ಬದಲಾಯಿಸಿಕೊಳ್ಳಬೇಕು. ಹಿಟ್ಟಿನ ಗಿರಣಿ, ಮರಗೆಲಸದ ಯಂತ್ರ, ಐಸ್ ಘಟಕ ಇದ್ದರೆ ಮೋಟಾರಿನ ಅಶ್ವಶಕ್ತಿಯನ್ನು ಅರ್ಜಿಯಲ್ಲಿ ನಮೂದಿಸಬೇಕು. ಸದ್ದು, ವಾಸನೆ ಬರುವ ಉದ್ದಿಮೆಯಾದರೆ ಅಕ್ಕಪಕ್ಕದವರ ಆಕ್ಷೇಪಣೆ ಇಲ್ಲವೆಂಬ ಪತ್ರವನ್ನು ಮೊದಲೇ ಪಡೆದಿಡಿ. ಗದ್ದಲ ಶುರುವಾದ ಮೇಲೆ ಯಾರೂ ಸಹಿ ಹಾಕುವುದಿಲ್ಲ. ಮೀನು ಸಂಸ್ಕರಣೆ, ಐಸ್ ಘಟಕಗಳವರು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕೇ ಎಂಬುದನ್ನೂ ವಿಚಾರಿಸಿಕೊಂಡಿರಲಿ.

ಪಟ್ಟಣಗಳಲ್ಲಿ ಈ ಕಡತ ಸಾಮಾನ್ಯವಾಗಿ ಆರೋಗ್ಯ ಶಾಖೆಯಲ್ಲಿ ಓಡಾಡುತ್ತದೆ. ಆನ್‌ಲೈನ್ ಅರ್ಜಿಗೆ ಅವಕಾಶವಿದೆ. ಗ್ರಾಮ ಪಂಚಾಯಿತಿಗಳಲ್ಲಿ ಬಾಪೂಜಿ ಸೇವಾ ಕೇಂದ್ರದ ಮೂಲಕ ಸಲ್ಲಿಸಬಹುದು. ಸೈಬರ್ ಕೇಂದ್ರದಲ್ಲಿ ತುಂಬಿಸುವುದಾದರೆ ಪಕ್ಕದಲ್ಲೇ ಕೂತು ಮೂರನ್ನು ನೀವೇ ಓದಿ: ಅಂಗಡಿಯ ಹೆಸರು, ಮಾಲೀಕರ ಹೆಸರು, ಮೊಬೈಲ್ ಸಂಖ್ಯೆ. ಅವಸರದಲ್ಲಿ ಕೇಂದ್ರದವರು ತಮ್ಮದೇ ಮೊಬೈಲ್ ಸಂಖ್ಯೆ ಹಾಕಿಬಿಡುತ್ತಾರೆ. ಆಮೇಲೆ ಆಕ್ಷೇಪಣೆಯ ಸಂದೇಶಗಳೆಲ್ಲ ಅವರ ಫೋನಿಗೆ ಹೋಗುತ್ತವೆ, ನೀವು ಇಲ್ಲಿ ಕಾಯುತ್ತ ಕೂತಿರುತ್ತೀರಿ.

ವ್ಯಾಪಾರದ ಬಗೆಯನ್ನು ಆಯ್ಕೆ ಮಾಡುವಾಗ ಶುಲ್ಕ ಕಡಿಮೆ ಎಂದು ಬೇರೆ ವರ್ಗ ಹಿಡಿಯಬೇಡಿ. ‘ಜನರಲ್ ಸ್ಟೋರ್ಸ್’ ಎಂದು ಪಡೆದ ಪರವಾನಗಿಯಲ್ಲಿ ಚಹಾ, ಬನ್ಸು, ಮಿಸಳ್ ಮಾಡಿ ಕೊಟ್ಟರೆ ಅದು ಹೋಟೆಲು. ಎರಡೂ ಮಾಡುವುದಾದರೆ ಎರಡನ್ನೂ ಬರೆಯಿರಿ. ಶುಲ್ಕವನ್ನು ಆಯಾ ಸಂಸ್ಥೆ ವ್ಯಾಪಾರದ ಬಗೆಗೆ ತಕ್ಕಂತೆ ನಿಗದಿ ಮಾಡಿರುತ್ತದೆ. ಆದ್ದರಿಂದ ಕುಮಟಾದ ಸ್ನೇಹಿತ ಎಷ್ಟು ಕಟ್ಟಿದ ಎಂಬುದು ಕಾರವಾರದಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಚಲನ್ ಮೂಲಕ ಅಥವಾ ಆನ್‌ಲೈನಿನಲ್ಲಿ ಮಾತ್ರ ಪಾವತಿಸಿ ರಸೀದಿ ಇಟ್ಟುಕೊಳ್ಳಿ.

ಅರ್ಜಿ ಸ್ವೀಕೃತವಾದ ಕೂಡಲೇ ಸಕಾಲ (ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ವ್ಯವಸ್ಥೆ) ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ಅದರಲ್ಲಿ ಹದಿನೈದು ಅಂಕಿಗಳ ಸಂಖ್ಯೆಯೂ ಸೇವೆ ಕೊಡಬೇಕಾದ ಕೊನೆಯ ದಿನಾಂಕವೂ ಇರುತ್ತವೆ. ದಿನಾಂಕ ಮೀರಿದರೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚ ಕೇಳುವ ಹಕ್ಕೂ ಇದೆ. ಮೊತ್ತ ಚಿಕ್ಕದು, ಆದರೆ ಆ ಸಂಖ್ಯೆ ಕೈಯಲ್ಲಿದ್ದವರ ಕಡತ ಮೇಜಿನ ಅಡಿಗೆ ಸರಿಯುವುದು ಕಡಿಮೆ. ಅರ್ಜಿ ಕೊಟ್ಟೂ ಆ ಸಂಖ್ಯೆ ಸಿಗದಿದ್ದರೆ ನಿಮ್ಮ ಅರ್ಜಿ ಇನ್ನೂ ದಾಖಲಾಗಿಲ್ಲ ಎಂದೇ ತಿಳಿಯಿರಿ.

## ಹಂತ 5: ಸ್ಥಳ ಪರಿಶೀಲನೆ

ಆರೋಗ್ಯ ನಿರೀಕ್ಷಕರು ನೋಡುವುದು ನೀರು, ಚರಂಡಿ, ಕಸದ ವ್ಯವಸ್ಥೆ, ಗಾಳಿ ಬೆಳಕು. ಹಸಿ ಕಸ, ಒಣ ಕಸಕ್ಕೆ ಬೇರೆ ಬೇರೆ ಡಬ್ಬಿ ಇಡಿ. ನಿಷೇಧಿತ ಪ್ಲಾಸ್ಟಿಕ್ ಚೀಲದ ಕಟ್ಟು ಕಪಾಟಿನಲ್ಲಿ ಕಾಣುವಂತಿದ್ದರೆ ಮಾತು ಅಲ್ಲೇ ಮುಗಿಯುತ್ತದೆ. ಹೋಟೆಲಿನ ಬಚ್ಚಲ ನೀರು ರಸ್ತೆಗೋ ಪಕ್ಕದವರ ತೋಟಕ್ಕೋ ಹರಿಯುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ. ಮಳೆಗಾಲದಲ್ಲಿ ಅರ್ಜಿ ಹಾಕಿದವರಿಗೆ ಈ ತೊಂದರೆ ಹೆಚ್ಚು, ಏಕೆಂದರೆ ಎಲ್ಲ ನೀರೂ ಕಣ್ಣಿಗೆ ಕಾಣುತ್ತದೆ. ಆಕ್ಷೇಪಣೆ ಹೇಳಿದರೆ ಬರಹದಲ್ಲಿ ಕೊಡಲು ವಿನಂತಿಸಿ, ಸರಿಪಡಿಸಿದ ಮೇಲೆ ಫೋಟೊ ಸಹಿತ ಉತ್ತರ ಕೊಡಿ.

ಪರವಾನಗಿ ಬಂದ ದಿನವೇ ಹಂತ 2ರ ಹಾಳೆಯನ್ನು ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ಅಂದೇ ಆದರೆ ತಿದ್ದುಪಡಿ ಸುಲಭ. ಬೇರೆ ಕಚೇರಿಗಳಿಗೆ ಆ ತಪ್ಪು ಹರಡಿದ ಮೇಲೆ ಎಲ್ಲವನ್ನೂ ತಿದ್ದಿಸಬೇಕಾಗುತ್ತದೆ.

## ಹಂತ 6: ಉಳಿದ ನೋಂದಣಿಗಳು, ಬ್ಯಾಂಕು

ಈಗ ಕಾರ್ಮಿಕ ಇಲಾಖೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದಂತೆ ವ್ಯಾಪಾರ ಆರಂಭಿಸಿದ 30 ದಿನಗಳೊಳಗೆ ನೋಂದಣಿಗೆ ಅರ್ಜಿ ಸಲ್ಲಿಸಬೇಕು. ಇ-ಕಾರ್ಮಿಕ ಜಾಲತಾಣದಲ್ಲಿ ಮನೆಯಲ್ಲೇ ಕೂತು ಮಾಡಬಹುದು. ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. ಇದೂ ಉದ್ದಿಮೆ ಪರವಾನಗಿಯೂ ಒಂದೇ ಎಂದು ತಿಳಿದು ಒಂದನ್ನು ಮಾಡಿ ಇನ್ನೊಂದನ್ನು ಬಿಡುವವರು ಬಹಳ. ಎರಡರ ಇಲಾಖೆಯೂ ಬೇರೆ, ಕಾನೂನೂ ಬೇರೆ.

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಮಾಡುವ ನೋಂದಣಿ, ಸಂಪೂರ್ಣ ಉಚಿತ. ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ. ಹುಡುಕಾಟದಲ್ಲಿ ಮೊದಲು ಕಾಣಿಸುವುದು ಅಂಥವೇ ಆದ್ದರಿಂದ ವಿಳಾಸದ ಕೊನೆಯಲ್ಲಿ ಸರ್ಕಾರಿ ಗುರುತು ಇದೆಯೇ ನೋಡಿ. ತಿನ್ನುವ ಪದಾರ್ಥ ಮಾರುವವರು, ಮನೆಯಲ್ಲಿ ಹಪ್ಪಳ ಮಾಡಿ ಮಾರುವವರೂ ಸೇರಿ, ಆಹಾರ ಸುರಕ್ಷತೆಯ ನೋಂದಣಿ ಮಾಡಿಸಬೇಕು. ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ಕಡ್ಡಾಯ. ಶಿರಸಿ, ಸಿದ್ದಾಪುರಗಳಲ್ಲಿ ಅಡಿಕೆ ಖರೀದಿಗೆ ಇಳಿಯುವವರು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯಲ್ಲೂ ವಿಚಾರಿಸಿಕೊಳ್ಳಬೇಕು.

ಬ್ಯಾಂಕಿಗೆ ಈ ನೋಂದಣಿಗಳೆಲ್ಲ ಆದ ಮೇಲೆ ಹೋಗಿ. ಒಬ್ಬರೇ ಮಾಲೀಕರಾದ ಅಂಗಡಿಯ ಚಾಲ್ತಿ ಖಾತೆಗೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಮಾಲೀಕರ ಗುರುತಿನ ಜೊತೆ ಅಂಗಡಿಯ ಹೆಸರಿನಲ್ಲಿರುವ ಎರಡು ದಾಖಲೆ ಸಾಮಾನ್ಯವಾಗಿ ಬೇಕು. ಉದ್ದಿಮೆ ಪರವಾನಗಿ ಮತ್ತು ಉದ್ಯಮ್ ಪ್ರಮಾಣಪತ್ರ, ಅಥವಾ ಪರವಾನಗಿ ಮತ್ತು ಕಾರ್ಮಿಕ ಇಲಾಖೆಯ ಪ್ರಮಾಣಪತ್ರ ಒಯ್ದರೆ ಆಯಿತು. ಎರಡರಲ್ಲೂ ಹೆಸರು ಒಂದೇ ರೀತಿ ಇರಬೇಕು ಎಂದು ಮತ್ತೆ ಹೇಳಬೇಕಾಗಿಲ್ಲ.

## ಹಂತ 7: ಈಗ ಬೋರ್ಡು

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿಯಂತೆ ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕು, ಕನ್ನಡ ಮೇಲ್ಭಾಗದಲ್ಲಿರಬೇಕು. ಉಳಿದ ಜಾಗದಲ್ಲಿ ಇಂಗ್ಲಿಷೋ ದೇವನಾಗರಿಯ ಕೊಂಕಣಿಯೋ ಇರಬಹುದು. ಬರೆಯುವವರಿಗೆ ಪರವಾನಗಿಯ ಪ್ರತಿಯನ್ನೇ ಕೊಡಿ, ವಾಟ್ಸ್‌ಆ್ಯಪ್ ಸಂದೇಶ ಬೇಡ. ಬೋರ್ಡು ಚರಂಡಿ ದಾಟಿ ರಸ್ತೆಯ ಮೇಲೆ ಚಾಚದಂತಿರಲಿ. ತಂಪು ಪಾನೀಯದ ಕಂಪನಿ ಬಿಟ್ಟಿಯಾಗಿ ಬೋರ್ಡು ಕೊಡುತ್ತೇನೆಂದರೆ ಅದರಲ್ಲಿ ಕಂಪನಿಯ ಹೆಸರು ದೊಡ್ಡದಾಗಿ, ನಿಮ್ಮದು ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಬಂದಿರುತ್ತದೆ. ನೋಟಿಸು ಮಾತ್ರ ನಿಮಗೇ ಬರುತ್ತದೆ.

## ಎಚ್ಚರದ ಸೂಚನೆಗಳು

ಮಧ್ಯವರ್ತಿ ‘ಹೆಸರು ಇಡೀ ಜಿಲ್ಲೆಗೆ ನಿಮ್ಮದೇ ಆಗುವಂತೆ ಮಾಡಿಸುತ್ತೇನೆ’ ಎಂದರೆ ಎದ್ದು ಬನ್ನಿ. ಖಾಲಿ ಅರ್ಜಿಗೆ ಸಹಿ ಕೇಳಿದರೆ, ಬಂದ ಒಟಿಪಿ ಹೇಳಿ ಎಂದರೆ, ಶುಲ್ಕವನ್ನು ತನ್ನ ಖಾತೆಗೆ ಹಾಕಿಸಿಕೊಂಡರೆ ಅದೂ ಅಷ್ಟೇ. ನೋಂದಣಿಯಾದ ವಾರದೊಳಗೆ ‘ನಿಮ್ಮ ಪ್ರಮಾಣಪತ್ರ ಸಕ್ರಿಯಗೊಳಿಸಲು ಹಣ ಕಟ್ಟಿ’ ಎಂದು ಫೋನು ಬರುವುದುಂಟು. ಅಂಥ ಶುಲ್ಕವೇ ಇಲ್ಲ.

## ಹಂತ 8: ನವೀಕರಣ, ಬದಲಾವಣೆ, ಮುಚ್ಚುವಿಕೆ

ಪಟ್ಟಣಗಳ ಉದ್ದಿಮೆ ಪರವಾನಗಿ ಹಣಕಾಸು ವರ್ಷವನ್ನು ಹಿಡಿದು ನಡೆಯುತ್ತದೆ. ಜನವರಿಯಲ್ಲಿ ಪಡೆದದ್ದೂ ಮಾರ್ಚ್ 31ಕ್ಕೆ ಮುಗಿಯಬಹುದು, ಆದ್ದರಿಂದ ಪತ್ರದ ಮೇಲಿನ ಅವಧಿಯನ್ನು ಓದಿ. ಮಾರ್ಚ್‌ನ ಕೊನೆಯ ವಾರ ತೆರಿಗೆ ವಸೂಲಿಯ ಗದ್ದಲ. ಫೆಬ್ರವರಿಯಲ್ಲೇ ಅರ್ಜಿ ಕೊಟ್ಟರೆ ನೆಮ್ಮದಿ.

ಅಂಗಡಿಯನ್ನು ಬೇರೆ ಕಟ್ಟಡಕ್ಕೆ ಒಯ್ದರೆ ಹಳೆಯ ಪರವಾನಗಿ ಹಿಂದೆ ಬರುವುದಿಲ್ಲ, ಹೊಸದಾಗಿ ಪಡೆಯಬೇಕು. ತಂದೆಯ ಅಂಗಡಿಯನ್ನು ಮಗಳು ವಹಿಸಿಕೊಂಡರೆ ಬೋರ್ಡಿನ ಹೆಸರು ಅದೇ ಇರಬಹುದು, ಪರವಾನಗಿ ಮಾತ್ರ ಅವಳ ಹೆಸರಿಗೆ ಆಗಬೇಕು. ಅಂಗಡಿಯ ಹೆಸರನ್ನೇ ಬದಲಿಸುವುದಾದರೆ ಮೊದಲು ಸ್ಥಳೀಯ ಸಂಸ್ಥೆ, ಆಮೇಲೆ ಕಾರ್ಮಿಕ ಇಲಾಖೆ, ಉದ್ಯಮ್, ಆಹಾರ ನೋಂದಣಿ, ಜಿಎಸ್‌ಟಿ, ಬ್ಯಾಂಕು, ಕೊನೆಗೆ ಬೋರ್ಡು.

ಮುಚ್ಚುವಾಗಲೂ ಕಾಗದ ಬೇಕು. ಶಟರ್ ಎಳೆದು ಮನೆಗೆ ಹೋದರೆ ಕಚೇರಿಯ ಲೆಕ್ಕದಲ್ಲಿ ಅಂಗಡಿ ನಡೆಯುತ್ತಲೇ ಇರುತ್ತದೆ. ಪರವಾನಗಿ ರದ್ದುಪಡಿಸಲು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ, ಜಿಎಸ್‌ಟಿ ಇದ್ದರೆ ಅದನ್ನೂ ರದ್ದು ಮಾಡಿಸಿ. ಬಾಡಿಗೆಗೆ ಕೊಡುವ ಮಾಲೀಕರು ಹಳೆಯ ಬಾಡಿಗೆದಾರರಿಂದ ಆ ಸ್ವೀಕೃತಿಯ ಪ್ರತಿ ಬಂದ ಮೇಲಷ್ಟೇ ಠೇವಣಿ ಹಿಂತಿರುಗಿಸುವುದು ಒಳ್ಳೆಯದು. ಅದೇ ಕಟ್ಟಡಕ್ಕೆ ಮುಂದೆ ಬರುವವರು ಅರ್ಜಿ ಹಾಕಿದಾಗ ಹಳೆಯ ಅಂಗಡಿ ಇನ್ನೂ ಅಲ್ಲೇ ಇದೆ ಎಂದು ಕಂಪ್ಯೂಟರು ತೋರಿಸಿದರೆ ಓಡಾಡಬೇಕಾದವರು ಆ ಮಾಲೀಕರೇ.